ಅಜ್ಜಿ ಟಿವಿ ನೋಡದೇನೇ "ಇದು ಮಾಲತಮ್ಮನ ಮಗಳ ದನಿ" ಅಂದ್ಬಿಟ್ರು, ನಿಜಾನಾ?

ಮಧ್ಯರಾತ್ರಿ_ಟಿವಿ:

ಎಲ್ರಿಗೂ ನಮಸ್ಕಾರ. ಮೊನ್ನೆ ಭಾನುವಾರ ಟಿವಿಲಿ ಎಂಬತ್ತರ ದಶಕದ್ದೊಂದು ಅಣ್ಣಾವ್ರ ಸಿನಿಮಾ ಬರ್ತಿತ್ತು, ಹೆಸರು ಬೇಕಂತ್ಲೇ ಹಾಕ್ತಿಲ್ಲ, ಹಾಕಿದ್ರೆ ಥ್ರೆಡ್ ಪೂರ್ತಿ ಆ ಸಿನಿಮಾ ಮೇಲೇ ಹೋಗ್ಬಿಡುತ್ತೆ, ಹೀರೋಯಿನ್ ಮಾಧವಿ ಅಂತ ಇಟ್ಕೊಳಿ ಸಾಕು. ನಮ್ಮಜ್ಜಿಗೆ ಈಗ ಎರಡೂ ಕಣ್ಣು ಅಷ್ಟಕ್ಕಷ್ಟೇ, ಟಿವಿ ಮುಂದೆ ಕೂತ್ರೂ ನೋಡೋದು ಅಂತೇನಿಲ್ಲ, ಬರೀ ಕೇಳೋದು. ಗೋಡೆಗೊರಗಿ ಹೂಬತ್ತಿ ಹೊಸೀತಾ ಕೂತಿದ್ದೋರು ಇದ್ದಕ್ಕಿದ್ದಂಗೆ "ಏ, ಇದು ಗುಬ್ಬಿ ಕಂಪ್ನಿ ಮಾಲತಮ್ಮನ ಮಗಳ ದನಿ ಕಣೋ" ಅಂದ್ರು. ಅಲ್ಲ ಅಜ್ಜಿ, ಅದು ಮಾಧವಿ, ಅವರು ಹೈದರಾಬಾದಿನೋರು ಅಂದೆ. "ನಿಂಗೆ ಮುಖ ಕಾಣ್ಸುತ್ತಲ್ಲ, ಅದಕ್ಕೇ ದನಿ ಕೇಳ್ಸಲ್ಲ" ಅಂದ್ಬಿಟ್ಟು ಮತ್ತೆ ಬತ್ತಿ ಹೊಸೆಯೋಕೆ ಶುರು ಮಾಡಿದ್ರು.

ಹುಡುಕಿದೆ. ಮಾಲತಮ್ಮನ ಮಗಳು ಅಂದ್ರೆ ಬಿ. ಜಯಶ್ರೀ ಅಂತೆ. ಅವರು ನಂಗೆ ಗೊತ್ತಿದ್ದಿದ್ದು ಎರಡೇ ಕಡೆಯಿಂದ, ಒಂದು ನಾಗಮಂಡಲ ಸಿನಿಮಾದ ಕುರುಡವ್ವ, ಇನ್ನೊಂದು 'ನನ್ನ ಪ್ರೀತಿಯ ಹುಡುಗಿ'ಲಿ ಬರೋ ಆ ಕಾರ್ ಕಾರ್ ಹಾಡು, ನಾವು ಸ್ಕೂಲ್ ಬಸ್ಸಲ್ಲಿ ಕಿರ್ಚಾಡ್ತಾ ಇದ್ವಲ್ಲ ಅದೇ. ಆ ಗಂಡುದನಿಯಂಥಾ ಗತ್ತಿನ ದನಿ ಎಲ್ಲಿ, ಈ ನಾಚ್ಕೊಂಡು ಮಾತಾಡೋ ಹೀರೋಯಿನ್ ದನಿ ಎಲ್ಲಿ? ಒಂದೇ ಗಂಟಲಾ ಇದು? ಅದೂ ಅಲ್ದೆ ಕನ್ನಡದಲ್ಲಿ ಡಬ್ಬಿಂಗ್ ಬ್ಯಾನ್ ಇತ್ತು ಅಂತ ಕೇಳಿದ್ದೆ, ಮತ್ತೆ ಇವರು ಡಬ್ಬಿಂಗ್ ಹೆಂಗೆ ಮಾಡಿದ್ರು? ಗೊತ್ತಿರೋರು ಸ್ವಲ್ಪ ವಿವರವಾಗಿ ಹೇಳಿ ಪ್ಲೀಸ್, ಅಜ್ಜಿ ಹತ್ರ ಸೋತಿದೀನಾ ಇಲ್ವಾ ಅಂತ ಕನ್ಫರ್ಮ್ ಆಗ್ಬೇಕು.

ಮೂರನೇ_ಬೆಲ್:

ಸೋತಿದೀರ ಗುರುವೇ, ಪೂರ್ತಿ ಸೋತಿದೀರ. ಅಜ್ಜಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ.

ಮಾಧವಿ, ಜಯಪ್ರದಾ ಥರದ ಹೊರಗಿನಿಂದ ಬಂದ ಹೀರೋಯಿನ್‌ಗಳಿಗೆ ಕನ್ನಡದಲ್ಲಿ ದನಿ ಕೊಟ್ಟೋರಲ್ಲಿ ಜಯಶ್ರೀ ಅವರದ್ದು ದೊಡ್ಡ ಹೆಸರು. ಮೊದಲು ಆ ಬ್ಯಾನ್ ವಿಷಯ ಮುಗಿಸ್ತೀನಿ. ಅರವತ್ತರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ, ರಾಜ್‌ಕುಮಾರ್ ಇವರೆಲ್ಲ ಸೇರ್ಕೊಂಡು ವಿರೋಧ ಮಾಡಿದ್ದು ಬೇರೆ ಭಾಷೆ ಸಿನಿಮಾನ ಕನ್ನಡಕ್ಕೆ ಡಬ್ ಮಾಡಿ ರಿಲೀಸ್ ಮಾಡೋದನ್ನ. ಅದಕ್ಕೂ ಕಾನೂನು ಅಂತ ಇರಲಿಲ್ಲ, ಚಿತ್ರರಂಗದೋರೇ ಹಾಕ್ಕೊಂಡಿದ್ದ ಕಟ್ಟು ಅದು, ಆಮೇಲೆ 2015ರಲ್ಲಿ ಕಾಂಪಿಟಿಷನ್ ಕಮಿಷನ್ ಅದು ತಪ್ಪು ಅಂತ ಹೇಳ್ತು. ಕನ್ನಡ ಸಿನಿಮಾದಲ್ಲೇ ಕನ್ನಡ ಬರದ ನಟಿಗೆ ಇನ್ನೊಬ್ಬರು ದನಿ ಕೊಡೋದು ಬೇರೆ ವಿಷಯ, ಅದಕ್ಕೆ ಯಾರೂ ಯಾವತ್ತೂ ಅಡ್ಡ ಬಂದಿಲ್ಲ.

ಈಗ ಅವರ ಕಥೆ. 1950ರ ಜೂನ್ 9ಕ್ಕೆ ಹುಟ್ಟಿದ್ದು. ತಾಯಿ ಜಿ.ವಿ. ಮಾಲತಮ್ಮ, ಅವರೂ ರಂಗನಟಿ, ಗುಬ್ಬಿ ವೀರಣ್ಣನವರ ಮಗಳು. ಅಂದ್ರೆ ಜಯಶ್ರೀ ಅವರಿಗೆ ವೀರಣ್ಣನವರು ತಾತ. ಗುಬ್ಬಿ ಕಂಪನಿ ಅಂದ್ರೆ ಈಗಿನೋರಿಗೆ ಮೆಜೆಸ್ಟಿಕ್ ಹತ್ರ ಇರೋ ರಂಗಮಂದಿರದ ಹೆಸರು ಅಷ್ಟೇ ಗೊತ್ತು, ಅದು 1884ರಲ್ಲಿ ಶುರುವಾದ ಕಂಪನಿ ಸ್ವಾಮೀ, ಊರೂರಿಗೆ ಟೆಂಟು, ಪರದೆ, ಪೆಟ್ಟಿಗೆ, ಅಡುಗೆಯೋರು, ಬಾಣಂತಿಯರು, ಕೂಸುಗಳು ಎಲ್ಲಾ ಒಟ್ಟಿಗೆ ಹೊರಡೋದು, ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆನೇ ಸ್ಟೇಜ್ ಮೇಲೆ ಬರ್ತಿತ್ತು. ರಾಜ್‌ಕುಮಾರ್, ಬಿ.ವಿ. ಕಾರಂತ್ ಇವರೆಲ್ಲ ಅಲ್ಲಿಂದಲೇ ಬಂದೋರು. ಆ ಮನೇಲಿ ಹುಟ್ಟಿದ ಮಗು ಸೈಡ್ ವಿಂಗಲ್ಲೇ ನಿದ್ದೆ ಮಾಡಿ, ಮಗುವಿನ ಪಾರ್ಟ್ ಬೇಕಾದಾಗ ಎಬ್ಬಿಸಿಕೊಂಡು ಹೋಗಿ ನಿಲ್ಲಿಸ್ತಿದ್ದ ಕಾಲ ಅದು. ಜಯಶ್ರೀ ಕೂಡ ಹಂಗೇ ಚಿಕ್ಕೋರಿದ್ದಾಗಲೇ ಬಣ್ಣ ಹಚ್ಚಿದೋರು.

ಆದ್ರೆ ಅವರು ಅಲ್ಲೇ ನಿಲ್ಲಲಿಲ್ಲ ನೋಡಿ, ನಂಗೆ ಆಶ್ಚರ್ಯ ಆಗೋದು ಇದೇ. ಕಂಪನಿ ನಾಟಕದ ಹುಡುಗಿ ಡೆಲ್ಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆ, ಅಂದ್ರೆ ಎನ್‌ಎಸ್‌ಡಿ ಸೇರಿದ್ರು, ಆಗ ಅಲ್ಲಿ ಅಲ್ಕಾಜಿ ಡೈರೆಕ್ಟರು. 1973ರಲ್ಲಿ ಪಾಸಾಗಿ ಬಂದ್ರು. ಕಂಪನಿಯೋರಿಗೆ ಎನ್‌ಎಸ್‌ಡಿಯೋರು ಅಂದ್ರೆ ಪುಸ್ತಕದ ಬದನೇಕಾಯಿ, ಎನ್‌ಎಸ್‌ಡಿಯೋರಿಗೆ ಕಂಪನಿಯೋರು ಅಂದ್ರೆ ಬರೀ ಗದ್ದಲ, ಆ ಕಾಲದಲ್ಲಿ ಇಬ್ಬರಿಗೂ ಮಾತು ಕಮ್ಮಿ. ಈಯಮ್ಮ ಎರಡನ್ನೂ ಒಂದೇ ಗಂಟಲಲ್ಲಿ ಇಟ್ಕೊಂಡ್ರು. 1976ರಲ್ಲಿ 'ಸ್ಪಂದನ' ಅಂತ ಸ್ವಂತ ತಂಡ ಕಟ್ಟಿದ್ರು, ಲಕ್ಷಾಪತಿ ರಾಜನ ಕಥೆ, ಕರಿಮಾಯಿ ಎಲ್ಲಾ ಆ ತಂಡದ್ದೇ.

ನಾನು ಹೇಳಲೇಬೇಕಾದ್ದು ಗುಬ್ಬಿ ಕಂಪನಿಯ ಸದಾರಮೆ ನಾಟಕದ ಬಗ್ಗೆ. ಅದರಲ್ಲಿ ಕಳ್ಳನ ಪಾರ್ಟು ವೀರಣ್ಣನವರದ್ದು, ಆ ಪಾರ್ಟ್ ನೋಡೋಕೇ ಜನ ಗಾಡಿ ಕಟ್ಟಿಸ್ಕೊಂಡು ಬರ್ತಿದ್ರಂತೆ. ಅದೇ ಕಳ್ಳನ ಪಾರ್ಟನ್ನ ಮೊಮ್ಮಗಳು ಮಾಡಿದ್ರು. ಸದಾರಮೆಯಾಗಿ ಅಲ್ಲ, ಕಳ್ಳನಾಗಿ! ನಾನು ಹಿಂದುಗಡೆ ಸಾಲಲ್ಲಿ ಕೂತು ನೋಡಿದೀನಿ. ಪಕ್ಕದಲ್ಲಿ ಕೂತಿದ್ದ ವಯಸ್ಸಾದೋರೊಬ್ರು ಬಗ್ಗಿ "ಕಳ್ಳ ಯಾರ್ರೀ ಮಾಡ್ತಿರೋದು, ಒಳ್ಳೆ ದನಿ ಇದೆ" ಅಂತ ಕೇಳಿದ್ರು, ಹೆಂಗಸು ಸಾರ್ ಅಂದ್ರೆ ನಂಬಲೇ ಇಲ್ಲ, ಇಂಟರ್ವಲ್ ತನಕ ನನ್ನ ಜೊತೆ ಮಾತೇ ಆಡ್ಲಿಲ್ಲ, ಗೇಲಿ ಮಾಡ್ದೆ ಅನ್ಕೊಂಡ್ರೋ ಏನೋ.

ಮಿಕ್ಕಿದ್ದು ಬೇಗ ಹೇಳ್ಬಿಡ್ತೀನಿ. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2009ರಲ್ಲಿ ಮೈಸೂರು ರಂಗಾಯಣಕ್ಕೆ ನಿರ್ದೇಶಕಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, ರಾಷ್ಟ್ರಪತಿಗಳು ಆರಿಸೋ 12 ಜನ ಇರ್ತಾರಲ್ಲ ಅದರಲ್ಲಿ, 2013ರಲ್ಲಿ ಪದ್ಮಶ್ರೀ. ತಾತನಿಗೂ ಪದ್ಮಶ್ರೀ ಬಂದಿತ್ತು, 1972ರಲ್ಲಿ, ಅದೇ ವರ್ಷ ಅವರು ತೀರ್ಕೊಂಡ್ರು.

ಲೂಪ್_ಹುಡುಗಿ:

ನಾನು ಸೀರಿಯಲ್‌ಗಳಿಗೆ ಡಬ್ಬಿಂಗ್ ಮಾಡ್ತೀನಿ, ಹದಿನಾಲ್ಕು ವರ್ಷ ಆಯ್ತು. "ಒಂದೇ ಗಂಟಲಾ" ಅಂತ ಕೇಳಿದ್ರಲ್ಲ, ಅದಕ್ಕೆ ನಾನು ಹೇಳ್ತೀನಿ, ಬೆಲ್ ಸಾರ್ ನಾಟಕದ ಕಡೆಯಿಂದ ಹೇಳಿದ್ರು, ನಾನು ಮೈಕ್ ಕಡೆಯಿಂದ.

ದಪ್ಪ ದನಿ ಇರೋರು ನಯವಾಗಿ ಮಾತಾಡೋಕಾಗಲ್ಲ ಅನ್ನೋದು ಹೊರಗಿನೋರ ಕಲ್ಪನೆ. ನಿಜವಾಗಿ ಉಲ್ಟಾ. ಹೊಟ್ಟೆಯಿಂದ ಉಸಿರು ತಗೊಂಡು ಮೈಕಿಲ್ದೆ ಕೊನೇ ಸಾಲಿಗೆ ಮುಟ್ಟಿಸೋಕೆ ಕಲಿತೋರಿಗೆ ಅದನ್ನ ಕಮ್ಮಿ ಮಾಡೋದೂ ಗೊತ್ತಿರುತ್ತೆ. ನಲ್ಲಿ ಗಟ್ಟಿ ಇದ್ರೆ ತಾನೇ ಹನಿಹನಿಯಾಗಿ ಬಿಡೋಕಾಗೋದು. ಗಂಟಲಿಂದ ಮಾತ್ರ ಮಾತಾಡೋ ನಮ್ಮಂಥೋರು ಪಿಸುಮಾತು ಹೇಳೋಕೆ ಹೋದ್ರೆ ಬರೀ ಗಾಳಿ ಬರುತ್ತೆ, ಅಕ್ಷರ ಬರಲ್ಲ. ನಾನು ಹೊಸದಾಗಿ ಸೇರ್ದಾಗ ಒಂದು ಸ್ಟುಡಿಯೋದಲ್ಲಿ ಅಳೋ ಸೀನು ಕೊಟ್ರು, ಎರಡು ಪೇಜು ಅತ್ತೆ, ಆಮೇಲೆ ಮೂರು ದಿನ ದನಿನೇ ಇಲ್ಲ. ಪಕ್ಕದಲ್ಲಿದ್ದ ಹಿರಿಯಕ್ಕ ಒಬ್ರು ನಾಟಕದಿಂದ ಬಂದೋರು, ಅದೇ ದಿನ ನಾಲ್ಕು ಸೀನ್ ಅತ್ತು, ಹೊರಗೆ ಬಂದು ಟೀ ಕುಡೀತಾ ಜೋಕ್ ಹೇಳ್ತಿದ್ರು.

ಇನ್ನು ಆ ಕಾಲದ ಡಬ್ಬಿಂಗ್ ಅಂದ್ರೆ ಈಗಿನ ಥರ ಅಲ್ಲ. ಈಗ ನಾನು ಒಬ್ಳೇ ರೂಮಲ್ಲಿ ನಿಂತು ಒಂದೊಂದು ಪದ ಬೇಕಾದ್ರೂ ಕಟ್ ಮಾಡಿ ಹೇಳಬಹುದು, ಎಂಜಿನಿಯರ್ ಜೋಡಿಸ್ಕೋತಾರೆ. ಆಗ ಸೀನನ್ನ ಚಿಕ್ಕ ಚಿಕ್ಕ ತುಂಡು ಮಾಡಿ ತುದಿಗೆ ತುದಿ ಅಂಟಿಸಿ ಲೂಪ್ ಮಾಡೋರು, ಅದು ಪರದೆ ಮೇಲೆ ಸುತ್ತಿ ಸುತ್ತಿ ಬರ್ತಾನೇ ಇರುತ್ತೆ, ಸೀನಲ್ಲಿರೋ ಎಲ್ಲಾರೂ ಒಂದೇ ಮೈಕ್ ಮುಂದೆ. ಒಬ್ರು ತಪ್ಪಿದ್ರೆ ಎಲ್ಲರಿಗೂ ಮೊದಲಿಂದ. ಅಣ್ಣಾವ್ರಂಥೋರ ಎದುರು ಅವರ ಟೈಮಿಂಗಿಗೆ ಸರಿಯಾಗಿ ಹೇಳ್ಬೇಕು ಅಂದ್ರೆ ಯೋಚ್ನೆ ಮಾಡಿ.

ಅದಕ್ಕಿಂತ ದೊಡ್ಡ ತಲೆನೋವು ತುಟಿ. ಕನ್ನಡ ಬರದ ನಟಿ ಸೆಟ್ಟಲ್ಲಿ ಕನ್ನಡ ಡೈಲಾಗನ್ನ ಬಾಯಿಪಾಠ ಮಾಡಿ ಹೇಳಿದ್ರೆ ಪುಣ್ಯ, ಕೆಲವರು ಅವರ ಭಾಷೇಲೇ ಹೇಳಿರ್ತಾರೆ, ಕೆಲವರು ಬರೀ ಒಂದು ಎರಡು ಮೂರು ಅಂತ ಎಣಿಸಿರ್ತಾರೆ. ಅವರ ತುಟಿ ಮುಚ್ಚಿದ ಕಡೆ ನಮ್ಮ ಪ, ಬ, ಮ ಬರಲೇಬೇಕು, ಇಲ್ಲಾಂದ್ರೆ ನೋಡೋರಿಗೆ ತಕ್ಷಣ ಗೊತ್ತಾಗುತ್ತೆ. "ನೀವು ಹೋಗಿ" ಅನ್ನೋ ಕಡೆ ತುಟಿ ಮುಚ್ಚಿದ್ರೆ "ಹೋಗ್ಬಿಡಿ" ಅಂತ ಮಾಡ್ಕೋಬೇಕು, ಅದೂ ನಿಂತ ನಿಲುವಲ್ಲಿ. ಕಂಪನಿ ನಾಟಕದಲ್ಲಿ ಎದುರು ಪಾತ್ರದೋರು ಮಾತು ಮರೆತಾಗ ಅಲ್ಲೇ ಏನೋ ಒಂದು ಹೇಳಿ ಸೀನ್ ಎತ್ಕೊಂಡು ಹೋಗಿ ಅಭ್ಯಾಸ ಇರುತ್ತಲ್ಲ, ಅದು ಇಲ್ಲಿ ಕೆಲಸಕ್ಕೆ ಬರೋದು. ಮಾತು ಸೇರಿಸೋದು ಒಂದು ಕಡೆ ಆದ್ರೆ ಉಸಿರು ಇನ್ನೊಂದು, ಆ ನಟಿ ಎಲ್ಲಿ ಉಸಿರೆಳೆದಿದ್ದಾಳೋ ಅಲ್ಲೇ ನಾವೂ ಎಳೀಬೇಕು. ನಿಮ್ಮಜ್ಜಿ ಹಿಡಿದಿರೋದು ದನಿನಲ್ಲ ಅನ್ಸುತ್ತೆ ನಂಗೆ, ಮಾತು ನಿಲ್ಲಿಸಿ ಮತ್ತೆ ಎತ್ಕೊಳೋ ರೀತಿ. ಅದು ಕಂಪನಿಯೋರದ್ದು ಬೇರೆನೇ.

ಕಡ್ಡಿ_ಮುರಿದಂತೆ:

ಎಲ್ಲಾ ಸರಿ, ಆದ್ರೆ ಒಂದು ಮಾತು. ಡಬ್ಬಿಂಗನ್ನ ಇಷ್ಟು ಮೇಲೆ ಎತ್ತೋ ಅವಶ್ಯಕತೆ ಏನಿದೆ? ನಾಟಕದಲ್ಲಿ ಕಾಸು ಹುಟ್ಟಲ್ಲ, ಹೊಟ್ಟೆಪಾಡಿಗೆ ಹೋಗಿ ದನಿ ಕೊಟ್ಟು ಬರ್ತಿದ್ರು, ಬಹಳ ಜನ ರಂಗಭೂಮಿಯೋರು ಹಂಗೇ ಮಾಡಿದ್ದು. ಮುಖ ಯಾರದ್ದೋ ಹೆಸರು ಯಾರದ್ದೋ. ಜಯಶ್ರೀ ಅವರ ಸಾಧನೆ ಅಂದ್ರೆ ಸ್ಪಂದನ, ಅವರ ರಂಗಗೀತೆಗಳು, ಅವರ ನಿರ್ದೇಶನ. ಡಬ್ಬಿಂಗ್ ಅವರ ಜೀವನದಲ್ಲಿ ಒಂದು ಫುಟ್‌ನೋಟು. ಶ್ರೀನಿವಾಸ ಪ್ರಭು ಅವರೂ ಅಷ್ಟೇ, ಎನ್‌ಎಸ್‌ಡಿಯೋರು, ರವಿಚಂದ್ರನ್ ಅವರ ಮೊದಮೊದಲ ಸಿನಿಮಾಗಳಿಗೆ ದನಿ ಕೊಟ್ಟೋರು, ಅವರನ್ನ ಬರೀ ಅದಕ್ಕೇ ನೆನಪಿಟ್ಕೊಂಡ್ರೆ ಅವರಿಗೆ ಬೇಜಾರಾಗಲ್ವಾ?

ಮೂರನೇ_ಬೆಲ್:

@ಕಡ್ಡಿ_ಮುರಿದಂತೆ ನಿಮ್ಮ ಮಾತು ಅರ್ಧ ಒಪ್ತೀನಿ. ಕಾಸಿನ ವಿಷಯ ಖಂಡಿತ ಹೌದು. ನಾಟಕಕ್ಕೆ ಸಾಲ ಮಾಡಿ ಆ ಸಾಲ ತೀರಿಸೋಕೆ ಇನ್ನೊಂದು ಕಡೆ ದುಡಿಯೋದು ನಮ್ಮಲ್ಲಿ ಹೊಸದೇನಲ್ಲ. ಆದ್ರೆ ಫುಟ್‌ನೋಟು ಅನ್ಬೇಡಿ ಸ್ವಾಮಿ. ಕಲಾಕ್ಷೇತ್ರ ತುಂಬಿದ್ರೆ ಎಷ್ಟು ಜನ, ಸಾವಿರ ಇದ್ರೆ ಹೆಚ್ಚು. ಸಿನಿಮಾ ಊರೂರಿಗೆ ಹೋಗುತ್ತೆ, ಟೂರಿಂಗ್ ಟಾಕೀಸಿಗೂ ಹೋಗುತ್ತೆ. ಅವರ ಒಂದೂ ನಾಟಕ ನೋಡದೇ ಇರೋ ಲಕ್ಷಾಂತರ ಜನ ಅವರ ಕನ್ನಡ ಕೇಳಿ ಬೆಳೆದಿದ್ದಾರೆ, ಯಾರದ್ದು ಅಂತ ಗೊತ್ತಿಲ್ದೇನೇ. ಹೊರಗಿನ ನಟಿಗೆ ನಮ್ಮ ಮನೆ ಹೆಣ್ಮಗಳ ಕನ್ನಡ ಕೊಟ್ಟಿದ್ದು ಸಣ್ಣ ಕೆಲಸಾನಾ? ಹೆಸರು ಹಾಕದೇ ಇದ್ದಿದ್ದು ಅವರ ತಪ್ಪಲ್ಲ ಅಲ್ವಾ.

ಹುಬ್ಬಳ್ಳಿ_ಮಂದಿ:

ನಾನೂ ಒಂದೀಟು ಹೇಳ್ತೀನ್ರಿ. ನೀವೆಲ್ಲಾ ಗುಬ್ಬಿ ಕಂಪನಿ, ಬೆಂಗಳೂರು ಅಂತ ಮಾತಾಡಾಕತ್ತೀರಿ, ನಮ್ಮ ಕಡೆ ಮಂದಿಗೆ ಅವರು ಹತ್ತಿರ ಆಗಿದ್ದು ಕರಿಮಾಯಿಯಿಂದ ನೋಡ್ರಿ. ಕಂಬಾರರ ಕಾದಂಬರಿ ಅದು, ಶಿವಾಪುರದ ಕಥಿ, ಅದರಾಗಿನ ಮಾತು ಪಕ್ಕಾ ಬೆಳಗಾವಿ ಸೀಮಿದ್ದು. ನಾ ಹೋಗೋಮುಂದ ಸ್ವಲ್ಪ ಅನುಮಾನದಿಂದನ ಹೋಗಿದ್ದೆ, ಯಾಕಂದ್ರ ಆ ಕಡೆ ನಾಟಕದವರು ನಮ್ಮ ಮಾತು ಆಡಿದ್ರ ಭಾಳ ಸಲ ಅದು ನಗಿಸಾಕ ಮಾಡಿದಂಗ ಇರ್ತೈತಿ, ಸಾಲಿನ ಕಡೀಗೊಂದು "ರೀ" ಹಚ್ಚಿಬಿಟ್ರ ಮುಗೀತು ಅನ್ನೋ ಹಂಗ. ಆದ್ರ ಅಲ್ಲಿ ಹಂಗಿರಲಿಲ್ಲ. ಹಾಡು ಶುರು ಆದಾಗ ಮ್ಯಾಳದವರು ಹಿಂದ, ಇವರ ದನಿ ಅದರ ಮ್ಯಾಲ ಏರಿಕೋತ ಹೋತು, ಗುಡಿ ಮುಂದ ನಮ್ಮ ಓಣಿ ಹೆಣ್ಮಕ್ಕಳು ಹಾಡಿದಂಗ, ಸ್ವಲ್ಪ ಒರಟು, ಸ್ವಲ್ಪ ಮೂಗಿನಾಗ. ನನ್ನ ಜೋಡಿ ಬಂದಿದ್ದ ನಮ್ಮ ಅತ್ತಿ ತಟ್ಟನ ಸೆರಗು ತಲಿಮ್ಯಾಲೆ ಎಳಕೊಂಡ್ಳು, ನಾಟಕ ಅನ್ನೋದು ಮರ್ತು. ಆಮ್ಯಾಲೆ ನಾಚಿ ತಾನ ತೆಗದ್ಳು.

ಆ ಲೂಪ್ ಅಕ್ಕಾರು ಹೇಳಿದ್ದು ಖರೇ ಐತ್ರಿ, ದನಿ ಅಂದ್ರ ಬರೀ ಗಂಟಲ ಅಲ್ಲ. ಹೀರೋಯಿನ್‌ಗೆ ಬೇರೆ ಕನ್ನಡ, ಕರಿಮಾಯಿಗೆ ಬೇರೆ ಕನ್ನಡ, ಕುರುಡವ್ವಗ ಮತ್ತ ಬೇರೆ. ಯಾವ ಊರಿನ ಹೆಣ್ಮಗಳು ಬಾಯಾಗ ಬಂದು ಕುಂತಾಳ ಅನ್ನೋದರ ಮ್ಯಾಲೆ ಐತಿ ಎಲ್ಲಾ.

ಲೂಪ್_ಹುಡುಗಿ:

@ಹುಬ್ಬಳ್ಳಿ_ಮಂದಿ ನಿಮ್ಮ ಅತ್ತೆ ಸೆರಗೆಳೆದಿದ್ದು ಓದಿ ಮೈ ಜುಂ ಅಂತು ಸಾರ್. ಅದೊಂದು ಪ್ರಶಸ್ತಿಗಿಂತ ದೊಡ್ಡದು ಅನ್ಸುತ್ತೆ.

@ಕಡ್ಡಿ_ಮುರಿದಂತೆ ನಮಗೆ ಬೇಜಾರಾಗೋದು ದನಿಗೆ ನೆನಪಿಟ್ಕೊಂಡ್ರೆ ಅಲ್ಲ ಸಾರ್, ಮರೆತ್ರೆ. ನನ್ನ ಪಾತ್ರದ ಡೈಲಾಗನ್ನ ಬಸ್ಸಲ್ಲಿ ಯಾರೋ ಮಿಮಿಕ್ರಿ ಮಾಡ್ತಿದ್ರು, ನಾನು ಹಿಂದಿನ ಸೀಟಲ್ಲೇ ಇದ್ದೆ, ಹೇಳ್ಕೊಳ್ಳೋಕಾಗುತ್ತಾ?

ಕಡ್ಡಿ_ಮುರಿದಂತೆ:

ಸರಿ ಮೇಡಂ, ಫುಟ್‌ನೋಟು ಅನ್ನೋ ಪದ ವಾಪಸ್ ತಗೊಂಡೆ. ಮಿಕ್ಕಿದ್ದು ತಗೊಳಲ್ಲ 😄

ಮಧ್ಯರಾತ್ರಿ_ಟಿವಿ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅನ್ಕೊಂಡಿರಲಿಲ್ಲ. ಇವತ್ತು ಸಂಜೆ ನೀವು ಬರೆದಿದ್ದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಸೋತೆ ಅಂತ ಒಪ್ಕೊಂಡೆ, ಅದಕ್ಕೆ ಅವರು ಏನೂ ಅನ್ಲಿಲ್ಲ, ಗೆದ್ದೋರು ಮಾತಾಡಲ್ವಲ್ಲ. ಸದಾರಮೆ ಹೆಸರು ಬಂದಾಗ ಮಾತ್ರ ಬತ್ತಿ ಹೊಸೆಯೋ ಕೈ ನಿಲ್ತು. ಹುಡುಗಿಯಾಗಿದ್ದಾಗ ಅವರಪ್ಪನ ಜೊತೆ ಟೆಂಟಲ್ಲಿ ನೋಡಿದ್ರಂತೆ, ನೆಲದ ಮೇಲೆ ಕೂತು, ಮುಂದೆ ಕೂತಿದ್ದೋರ ಪೇಟ ಅಡ್ಡ ಬಂದು ಅರ್ಧ ಸ್ಟೇಜೇ ಕಾಣ್ಸಲಿಲ್ವಂತೆ. ಕಳ್ಳನ ಮುಖ ಹೆಂಗಿತ್ತು ಅಂತ ಕೇಳಿದ್ರೆ ನೆನಪಿಲ್ಲ ಅಂದ್ರು. "ಮುಖ ಯಾವನು ನೋಡ್ದ, ಅವ ಬರೋ ಮುಂಚೆನೇ ಒಳಗಿಂದ ಒಂದು ಕೂಗು ಹಾಕೋನು, ನಾವಿಲ್ಲಿ ನಗೋಕೆ ಶುರು" ಅಂದ್ರು.

ಆಮೇಲೆ ಫೋನಲ್ಲಿ ಆ ಕಾರ್ ಕಾರ್ ಹಾಡು ಹಾಕಿ ಯಾರು ಹೇಳಿ ಅಜ್ಜಿ ಅಂದೆ. ಎರಡು ಸಾಲು ಕೇಳಿದ್ರು. ಇದೂ ಅವಳೇ ಅಂತಾರೆ ಅನ್ಕೊಂಡ್ರೆ, "ಇದು ತಾತನದ್ದು, ಅವಳು ತಂದಿದ್ದಾಳೆ ಅಷ್ಟೇ" ಅಂದ್ರು. ಬೆಲ್ ಸಾರ್, ಇದನ್ನ ಏನಂತ ಅರ್ಥ ಮಾಡ್ಕೊಳ್ಳಿ ನಾನು?

ಇನ್ನೊಂದು, ಅವರು ಹಾಡಿರೋ ರಂಗಗೀತೆಗಳು ಬರೀ ಆಡಿಯೋ ಎಲ್ಲಾದ್ರೂ ಚೆನ್ನಾಗಿರೋದು ಸಿಕ್ಕಿದ್ರೆ ಹೇಳಿ. ವೀಡಿಯೋ ಬೇಡ, ಅಜ್ಜಿಗೆ ಫೋನ್ ಬೆಳಕು ಕಣ್ಣಿಗೆ ಚುಚ್ಚುತ್ತಂತೆ.

ಮೂರನೇ_ಬೆಲ್:

ಅರ್ಥ ಮಾಡ್ಕೊಳ್ಳೋದೇನಿದೆ, ಅಜ್ಜಿ ಸರಿಯಾಗೇ ಹೇಳಿದ್ದಾರೆ. ನನ್ನ ಹತ್ರ ಹಳೇ ರಂಗಗೀತೆ ಕ್ಯಾಸೆಟ್ ಇದೆ, ಒಂದು ಕಡೆ ರೀಲು ಸ್ವಲ್ಪ ಸುಕ್ಕಾಗಿದೆ, ಭಾನುವಾರ ಮಗನ ಕೈಲಿ ಕಂಪ್ಯೂಟರ್‌ಗೆ ಹಾಕಿಸ್ತೀನಿ. ಮೆಸೇಜ್ ಮಾಡಿ.